ರಸ್ತೆ ದಾಟುವ ವೈರು

ದಾನೇಶ್ವರಿಯದು ಮನೆಯಲ್ಲೇ ಕುಳಿತು ಮಾಡುವ ಕೆಲಸ. ಶಹಾಬಾದಿನ ಮನೆಯ ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟು, ಕಿವಿ ಕೇಳದವರ ಸನ್ನೆಗಳನ್ನು ವಿಡಿಯೋದಲ್ಲಿ ನೋಡಿ ಮಾತಿನಲ್ಲಿ ಹೇಳುತ್ತಿದ್ದಳು. ಎದುರಿನವರ ಮಾತನ್ನು ಕೈಯಲ್ಲಿ ತಿರುಗಿ ಹೇಳುತ್ತಿದ್ದಳು. ಬ್ಯಾಂಕು, ಠಾಣೆ, ಆಸ್ಪತ್ರೆ, ಎಲ್ಲಿಂದಲಾದರೂ ಕರೆ ಬರುತ್ತಿತ್ತು. ತಾಯಿ ಅಮೃತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಹಾಗಾಗಿ ಮಗಳಿಗೆ ತೊದಲು ನುಡಿ ಬರುವ ಮೊದಲೇ ಕೈ ಆಡಿತ್ತು. ಮುಂದೆ ಹೈದರಾಬಾದಿನಲ್ಲಿ ಕೋರ್ಸು ಮುಗಿಸಿ ಬಂದ ಮೇಲೆ ಅದೇ ಅನ್ನದ ದಾರಿಯಾಯಿತು. ಅಲ್ಲಿ ಕಲಿಸಿದ ಒಂದು ನಿಯಮವನ್ನು ಆಕೆ ಎಂದೂ ಮುರಿದವಳಲ್ಲ. ಸನ್ನೆ ಮಾಡುವವರು ‘ನಾನು’ ಎಂದರೆ ಹೇಳುವವಳೂ ‘ನಾನು’ ಎಂದೇ ಹೇಳಬೇಕು. ಏನನ್ನೂ ಕೂಡಿಸುವಂತಿಲ್ಲ, ಬಿಡುವಂತಿಲ್ಲ.

ಆ ದಿನ ಬೆಳಿಗ್ಗೆ ಕರೆ ಬಂದದ್ದು ಒಂದು ಆಸ್ಪತ್ರೆಯ ಆಪರೇಶನ್ ಕೋಣೆಯ ಬಾಗಿಲಿನಿಂದ. ಸ್ಟ್ರೆಚರ್ ಮೇಲೆ ಎಳೆಯ ಹೆಂಗಸು ಮಲಗಿದ್ದಳು. ಅರಿವಳಿಕೆ ಕೊಡುವ ಡಾಕ್ಟರು ಕೇಳಿದರು: “ಬೆಳಗಿನಿಂದ ಏನಾದರೂ ತಿಂದಿದ್ದೀರಾ?”

ದಾನೇಶ್ವರಿ ಕೈಯಲ್ಲಿ ಕೇಳಿದಳು. ಹೆಂಗಸು ಬೆರಳು ಕೂಡಿಸಿ ಬಾಯಿಯತ್ತ ಒಯ್ದಳು. ಚಿತ್ರ ಅಲ್ಲೇ ನಿಂತುಬಿಟ್ಟಿತು.

ತಿಂದೆ ಎಂದಳೋ, ತಿಂದಿಲ್ಲ ಎಂದಳೋ? ಸನ್ನೆಯಲ್ಲಿ ‘ಇಲ್ಲ’ ಬರುವುದು ಕೊನೆಗೆ. ಆ ಕೊನೆಯೇ ಕಾಣಲಿಲ್ಲ. ಗೋಡೆಯ ಮೇಲಿನ ಇಂಟರ್ನೆಟ್ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿಣುಕುತ್ತಿತ್ತು. ದಾನೇಶ್ವರಿ ಮೊಬೈಲ್ ಹಿಡಿದು ಮಾಳಿಗೆಗೆ ಓಡಿದಳು. ಸಿಗ್ನಲ್ ಒಂದು ಮೂಲೆಯಲ್ಲಿ ಸಿಗುತ್ತಿತ್ತು, ಒಂದು ಹೆಜ್ಜೆ ಸರಿದರೆ ಹೋಗುತ್ತಿತ್ತು. ನೀರಿನ ಟಾಕಿಗೆ ಬೆನ್ನು ಹಚ್ಚಿ, ಮೊಬೈಲನ್ನು ಗೋಡೆಗೆ ಒರಗಿಸಿ ಮತ್ತೆ ಮತ್ತೆ ಕರೆ ಹಚ್ಚಿದಳು.  

ಕೊನೆಗೆ ಕರೆ ಹತ್ತಿದಾಗ ಡಾಕ್ಟರು ಹೇಳಿದರು: “ತಿಂದಿಲ್ಲ ಅಂತ ಇವರ ಅಣ್ಣ ಹೇಳಿದರು. ನಾವು ಶುರು ಮಾಡೋದರಲ್ಲಿದ್ದೆವು.”

“ಆಕೀನ್ನ ಕೇಳೂಣ್ರಿ,” ಎಂದಳು ದಾನೇಶ್ವರಿ.

ಹೆಂಗಸು ಬಾಳೆಹಣ್ಣು ತಿಂದಿದ್ದಳು. ಹಸಿವು ತಡೆಯದೆ, ಅಣ್ಣ ಹೊರಗೆ ಹೋದಾಗ. ತುಂಬಿದ ಹೊಟ್ಟೆಗೆ ಅರಿವಳಿಕೆ ಕೊಟ್ಟರೆ ಜೀವಕ್ಕೇ ಅಪಾಯ; ಆಪರೇಶನ್ ಸಂಜೆಗೆ ಮುಂದೆ ಹೋಯಿತು.

ದಾನೇಶ್ವರಿ ಕೆಳಗಿಳಿದು ಬಂದಳು. ಮಧ್ಯಾಹ್ನ ಕಲಬುರಗಿಯಿಂದ ನಗ್ಮಾ ಫೋನ್ ಮಾಡಿದಳು. ಕರೆಗಳನ್ನು ಹಂಚಿಕೊಡುವವಳು ಆಕೆ.

“ನಿನ್ನ ಕೈ ಮ್ಯಾಲ ನನಗ ಪೂರಾ ಭರೋಸಾ ಅದ, ದಾನೇಶ್ವರಿ. ನಿನ್ನ ಲೈನ್ ಮ್ಯಾಲ ಇಲ್ಲ. ಅದು ಬರೋಬ್ಬರಿ ಆಗೋತನಕ ಆಸ್ಪತ್ರಿ ಕರೆ ನಿನಗ ಹಚ್ಚಂಗಿಲ್ಲ. ಸಿಟ್ಟಾಗಬ್ಯಾಡ.”

ಸಿಟ್ಟಾಗಲು ದಾನೇಶ್ವರಿಗೆ ಜಾಗವೇ ಇರಲಿಲ್ಲ. ನಗ್ಮಾಳ ಸ್ಥಾನದಲ್ಲಿ ತಾನಿದ್ದರೂ ಅದನ್ನೇ ಹೇಳುತ್ತಿದ್ದಳು.

ಮನೆಗೆ ಇಂಟರ್ನೆಟ್ ಕೊಟ್ಟವನು ಅದೇ ಓಣಿಯ ಕೇಬಲ್ ದಿಲೀಪ. ವೈರು ಹರಿದ ದಿನ ತಾನೇ ಏಣಿ ಹೊತ್ತು ಬರುತ್ತಿದ್ದ. ಆದರೆ ಹರಿಯುವುದು ಮಾತ್ರ ನಿಲ್ಲುತ್ತಿರಲಿಲ್ಲ. ಮರುದಿನ ದಾನೇಶ್ವರಿ ಬಜಾರಿಗೆ ಹೋಗಿ ಒಂದು ದೊಡ್ಡ ಕಂಪನಿಯ ಅಂಗಡಿಯಲ್ಲಿ ವಿಚಾರಿಸಿದಳು. ಅಲ್ಲಿದ್ದವನು ಸ್ಪೀಡಿನ ಬಗ್ಗೆಯೇ ಹೇಳುತ್ತಿದ್ದ, ಸಿನಿಮಾ ಎಷ್ಟು ಜಲ್ದಿ ಇಳಿಯುತ್ತದೆ ಎಂದು.

“ಸ್ಪೀಡ್ ಬ್ಯಾಡ್ರಿ ನನಗ. ಕೆಟ್ಟರ ಯಾರ್ ಬರ್ತಾರ, ಅದನ್ನ ಹೇಳ್ರಿ,” ಎಂದಳು.

“ಕೆಡಂಗಿಲ್ರಿ ಮೇಡಂ. ಪೂರಾ ನೆಲದಾಗ ಅದ ನಮ್ಮ ಲೈನು.”

ಅವಳು ಅಷ್ಟಕ್ಕೇ ನಂಬಲಿಲ್ಲ. ದೊಡ್ಡ ರಸ್ತೆಯಾಚೆಯ ನೂರಜಹಾನ್ ಬಟ್ಟೆ ಹೊಲಿಯುವವಳು; ಅವಳ ಮನೆಯಲ್ಲಿ ಅದೇ ಕಂಪನಿಯ ಲೈನಿತ್ತು. ಹೊಲಿಗೆ ಮಷೀನು ನಿಲ್ಲಿಸದೆಯೇ ನೂರಜಹಾನ್ ಹೇಳಿದಳು: “ಭಾಳ ಛಲೋ ಅದ, ಇದ್ದಾಗ. ಹೋದ್ರ ಹೋತು. ನಂಬರಿಗಿ ಹಚ್ಚಿದ್ರ ಇದು ಒತ್ತು, ಅದು ಒತ್ತು ಅಂತದ. ಮನಷ್ಯಾರು ಮಾತಾಡಂಗಿಲ್ಲ. ರಮಜಾನ್‌ದಾಗ ಕೆಟ್ಟಿದ್ದಕ್ಕ ಈದ್ ಆದ ಮ್ಯಾಲ ಬಂದ್ರು.”

ಸಂಜೆ ದಾನೇಶ್ವರಿ ತಾಯಿಯನ್ನು ಕರೆದುಕೊಂಡು ಮನೆಯಿಂದ ಹೊರಟು ವೈರಿನ ಜಾಡು ಹಿಡಿದು ನಡೆದಳು. ದಿಲೀಪನ ವೈರು ಲೈಟಿನ ಕಂಬದಿಂದ ಬೇವಿನ ಮರಕ್ಕೆ, ಮರದಿಂದ ಯಾರದೋ ಮಾಳಿಗೆಗೆ ಹೋಗಿ, ಕೊನೆಗೆ ಆಚೆ ಬದಿಯಲ್ಲಿ ಅವನ ಮಷೀನುಗಳಿದ್ದ ಕೋಣೆಗೆ ದೊಡ್ಡ ರಸ್ತೆಯನ್ನು ಗಾಳಿಯಲ್ಲೇ ದಾಟಿತ್ತು. ನಡುವೆ ಜೋತುಬಿದ್ದಿತ್ತು. ಹತ್ತಿ ಬಿಡಿಸುವ ಕಾಲ. ಎತ್ತರಕ್ಕೆ ಹೇರಿಕೊಂಡ ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ಒಂದು ಲಾರಿಯ ಹೊರೆ ವೈರಿಗೆ ಸವರಿಕೊಂಡು ಹೋಯಿತು. ವೈರು ತೊಟ್ಟಿಲಿನ ಹಗ್ಗದಂತೆ ತೂಗಿತು. ಅಮೃತಮ್ಮ ಮಗಳ ತೋಳು ಹಿಡಿದು ಮೇಲೆ ತೋರಿಸಿದಳು. ಅದೇ ಜಾಗದಲ್ಲಿ ಕಪ್ಪು ಟೇಪಿನ ಗಂಟುಗಳು ಕಾಣುತ್ತಿದ್ದವು.

ಕಂಪನಿಯ ಲೈನು ನೆಲದಲ್ಲಿದ್ದದ್ದು ಖರೆ, ಆದರೆ ಅದರ ಪೆಟ್ಟಿಗೆ ರಸ್ತೆಯ ಆಚೆ ದಂಡೆಗಿತ್ತು. ಅಲ್ಲಿಂದ ಇವರ ಮನೆಗೆ ಬರಬೇಕೆಂದರೆ ಅದೂ ಇದೇ ರಸ್ತೆಯನ್ನು ಮೇಲಿನಿಂದಲೇ ದಾಟಬೇಕು. ಯಾವುದನ್ನು ಆರಿಸಿದರೂ ನಡುವೆ ಹತ್ತಿ ಲಾರಿಯೇ.

ರಸ್ತೆಯ ಕೆಳಗೆ ಹಳೆಯ ಮೋರಿಯೊಂದಿತ್ತು. ದಾನೇಶ್ವರಿ ಬಗ್ಗಿ ನೋಡಿದಳು. ಆಚೆ ಬದಿಯ ಬೆಳಕು ಕಾಣಿಸಿತು.

ರಾತ್ರಿಯಾಗುವ ಮೊದಲೇ ದಿಲೀಪನನ್ನು ಮನೆಗೆ ಕರೆಸಿದಳು. ಮೋರಿಯೊಳಗಿಂದ ವೈರು ಒಯ್ಯುವ ಮಾತು ಕೇಳಿ ಅವನು ನಕ್ಕ. ನಗೆಯಲ್ಲಿ ಬೇಸರವಿತ್ತು.

“ನಗರಸಭೆಯವರ ಪರ್ಮಿಶನ್ ಬೇಕ್ರಿ ಅಕ್ಕಾ. ಪೈಪ್ ಹಾಕ್ಬೇಕು, ಕೆಸರಾಗ ಇಳೀಬೇಕು. ಒಂದು ಮನಿ ಸಲುವಾಗಿ ಇಷ್ಟೆಲ್ಲಾ ಯಾರ್ ಮಾಡ್ತಾರ? ಹರದ್ರ ನಾ ಬರಂಗಿಲ್ಲೇನು?”

“ಬರ್ತಿ ಖರೆ. ಬರೋತನಕ ಏನ್ ಮಾಡ್ಲಿ?”

“ಅರ್ಧಾ ತಾಸು ನೆಟ್ ಹೋದ್ರ ಯಾರರ ಸಾಯ್ತಾರೇನ್ರಿ?”

ಅಮೃತಮ್ಮ ಮಗಳ ಸೆರಗು ಜಗ್ಗಿದಳು. ಏನಂದ? ದಾನೇಶ್ವರಿ ಕೈಯಲ್ಲಿ ಹಾಗೆಯೇ ಹೇಳಿದಳು, ಒಂದನ್ನೂ ಬಿಡದೆ. ಅಮೃತಮ್ಮ ದಿಲೀಪನ ಮುಖ ನೋಡಿದಳು. ಆಮೇಲೆ ಮುಂದಕ್ಕೆ ಸರಿದು ಕುಳಿತು ಕೈಯೆತ್ತಿದಳು. ಮಗಳಿಗೆ ಕಣ್ಣಿನಲ್ಲೇ ಅಪ್ಪಣೆ ಮಾಡಿದಳು: ಹೇಳು.

“ನನಗೂ ಆಸ್ಪತ್ರಿದಾಗ ಒಂದು ಮಾತು ಕೇಳಿದ್ರು,” ದಾನೇಶ್ವರಿ ಹೇಳತೊಡಗಿದಳು. “ಇಕಿನ್ನ ಹಡದ ದಿನ. ಹೊಟ್ಟಿ ಕೊಯ್ದು ತಗದಿದ್ರು. ಡಾಕ್ಟರಮ್ಮನ ಮುಖಕ್ಕ ಬಟ್ಟಿ ಇತ್ತು, ಬರೇ ಕಣ್ಣು ಕಾಣ್ತಿದ್ವು. ಕೂಸು ನೋಡ್ತಿಯೇನು ಅಂತ ಕೇಳ್ಲಿಕತ್ತಾಳಂತ ತಿಳಿದು ನಾ ಗೋಣು ಹಾಕಿದೆ.”

ಅಮೃತಮ್ಮನ ಕೈ ಮುಂದುವರಿಯಿತು. ದಾನೇಶ್ವರಿಯ ಬಾಯಿ ಅಲ್ಲೇ ನಿಂತಿತು. ಈ ಮಾತನ್ನು ತಾಯಿ ಆಕೆಗೆ ಎಂದೂ ಹೇಳಿರಲಿಲ್ಲ. ಅಮೃತಮ್ಮ ಸುಮ್ಮನಾಗಲಿಲ್ಲ, ಅದೇ ಸನ್ನೆಯನ್ನು ಮತ್ತೊಮ್ಮೆ, ನಿಧಾನಕ್ಕೆ ಮಾಡಿದಳು.

“ಆಕಿ ಕೇಳಿದ್ದು... ಮಕ್ಕಳು ಸಾಕೇನು, ಬಂದ್ ಮಾಡ್ಲೇನು ಅಂತ.” ದಾನೇಶ್ವರಿ ಆಗಲೂ ‘ನಾನು’ ಬಿಡಲಿಲ್ಲ. “ನಾ ಹ್ಞೂಂ ಅಂದಂಗಾತು. ಮಾಡಿಬಿಟ್ರು. ಮತ್ತೊಂದು ಕೂಸು ಯಾಕ ಆಗವಲ್ದು ಅಂತ ಮುಂದ ಕಲಬುರಗಿಗಿ ಹೋಗಿ ತೋರಿಸಿದಾಗ ಗೊತ್ತಾತು. ನಾ ಯಾರನ್ನೂ ಬೈಯಂಗಿಲ್ಲ. ನಡುವ ತಿಳಿಸಿ ಹೇಳೋರು ಒಬ್ಬರರ ಇದ್ದಿದ್ರ ಹಿಂಗ ಆಗ್ತಿರಲಿಲ್ಲ. ಸಾಯೋದು ಅಷ್ಟೇ ಅಲ್ಲ ತಮ್ಮಾ.”

 ದಿಲೀಪ ಏಳುವಾಗ ಅಮೃತಮ್ಮನ ಕಾಲು ಮುಟ್ಟಿದ. ಮಾಡುತ್ತೇನೆಂದೂ ಹೇಳಲಿಲ್ಲ, ಆಗುವುದಿಲ್ಲವೆಂದೂ ಹೇಳಲಿಲ್ಲ.

ಮುಂದಿನ ದಿನಗಳು ಕಷ್ಟದವು. ದಿಲೀಪ ಓಣಿಯಲ್ಲಿ ಕಣ್ಣಿಗೆ ಬೀಳಲಿಲ್ಲ. ಕಂಪನಿಯ ಅಂಗಡಿಯವನು ದಿನಾ ಫೋನ್ ಮಾಡಿ, ಆಫರ್ ಮುಗಿಯುತ್ತದೆ, ಹೂಂ ಅನ್ನಿ ಎನ್ನುತ್ತಿದ್ದ. ನಗ್ಮಾ ಬ್ಯಾಂಕಿನ ಕರೆಗಳನ್ನಷ್ಟೇ ಕಳಿಸುತ್ತಿದ್ದಳು. ದಾನೇಶ್ವರಿ ಒಂದು ಬೆಳಿಗ್ಗೆ ಸೋತು, ಕಂಪನಿಯವನಿಗೆ ಬರಲು ಹೇಳಿಯೇಬಿಟ್ಟಳು. ಮನೆಯೊಳಗೂ ಮಾತು ಕಡಿಮೆಯಾಗಿತ್ತು. ತಾಯಿಯ ಕೈ ನೋಡಿದಾಗಲೆಲ್ಲ ಆ ಸಂಜೆಯ ಸನ್ನೆಯೇ ಕಣ್ಣ ಮುಂದೆ ಬರುತ್ತಿತ್ತು.

ಕಂಪನಿಯವರು ಬರಬೇಕಾದ ದಿನ ಅವರಿಗಿಂತ ಮೊದಲು ಬಂದವನು ದಿಲೀಪ. ಮೊಣಕಾಲತನಕ ಕೆಸರು.

“ನಗರಸಭೆಯವರು ಓಡ್ಯಾಡಿಸಿಬಿಟ್ರು ಅಕ್ಕಾ, ಅದಕ್ಕ ತಡಾ ಆತು. ಪೈಪ್ ಹಾಕೀನಿ. ಮೋರಿ ಒಳಗ ತಗೊಂಡೀನಿ. ಕರೆಂಟ್ ಹೋದ್ರೂ ನಡೀಲಿ ಅಂತ ನನ್ನ ಖೋಲಿದಾಗ ಹೊಸಾ ಬ್ಯಾಟರಿ ಇಟ್ಟೀನಿ. ನಿಮ್ಮ ಪೆಟ್ಟಿಗಿಗೂ ಒಂದು ಸಣ್ಣದು ತಂದೀನಿ.”

“ಇಷ್ಟು ದಿನಾ ಒಂದು ಫೋನರ ಮಾಡಬಾರದೇನೋ?”

“ಆಗ್ಲಿಲ್ಲಂದ್ರ ಆಯಿಗಿ ಮುಖ ಹ್ಯಾಂಗ ತೋರಸ್ಲಿ ಅಂತ ಸುಮ್ಮನಿದ್ದೆ,” ಎಂದು ಅಮೃತಮ್ಮನ ಕಡೆ ನೋಡಿದ.

ದಾನೇಶ್ವರಿ ಅಂಗಡಿಗೆ ಫೋನ್ ಮಾಡಿ ಬರುವುದು ಬೇಡವೆಂದಳು. ಅಂಗಡಿಯವನು ಬೇಸರದಲ್ಲೇ ಫೋನ್ ಇಟ್ಟ.

ನಗ್ಮಾ ಹಾಗೆಲ್ಲ ಒಪ್ಪುವವಳಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಕರೆ ಹಚ್ಚಿ ಪರೀಕ್ಷೆ ಮಾಡಿದಳು, ದಾನೇಶ್ವರಿಯಿಂದ ಕೇಳಿ ತಿಳಿದು ಲಾರಿಗಳ ಸಾಲು ಇರುವಾಗ, ಓಣಿಯಲ್ಲಿ ಕರೆಂಟ್ ಹೋದಾಗ. ಎರಡು ವಾರ ಕಳೆದ ಮೇಲೆ ಆಸ್ಪತ್ರೆಯ ಕರೆಗಳು ಮತ್ತೆ ಬರತೊಡಗಿದವು. ಮೊದಲನೆಯದು ಹೆರಿಗೆ ವಾರ್ಡಿನದು. ಅದು ನಡೆದಿರುವಾಗಲೇ ಫ್ಯಾನು ನಿಂತು ಕೋಣೆಯಲ್ಲಿ ಮಬ್ಬಾಯಿತು. ಆದರೆ ತೆರೆಯ ಮೇಲಿನ ಹೆಂಗಸಿನ ಕೈ ಆಡುತ್ತಲೇ ಇತ್ತು. ದಾನೇಶ್ವರಿ ಕತ್ತಲೆಯಲ್ಲಿ ತನ್ನ ಕೈ ಕಾಣಲೆಂದು ಕಿಟಕಿಯ ಕಡೆಗೆ ಕುರ್ಚಿ ಎಳೆದುಕೊಂಡು ಕೊನೆಯವರೆಗೂ ಹೇಳಿ ಮುಗಿಸಿದಳು.

ಅಂದು ಊಟವಾದ ಮೇಲೆ, ಇಷ್ಟು ದಿನ ಕೇಳಲಾಗದ್ದನ್ನು ಕೇಳಿದಳು. ನನಗ ಯಾಕ ಹೇಳಿರಲಿಲ್ಲ?

ಅಮೃತಮ್ಮ ತಟ್ಟೆ ಸರಿಸಿ, ಕೈ ಒರೆಸಿಕೊಂಡಳು. ಹೇಳಿದ್ದರೆ ನೀನು ಈ ಕೆಲಸಕ್ಕೆ ಹೆದರುತ್ತಿದ್ದೆ ಎಂದಳು. ಆಮೇಲೆ, ಈಗ ಹೆದರಿಕೆ ಆಗುತ್ತದೇನು ಎಂದು ಕೇಳಿದಳು.

ಆಗುತ್ತದೆ ಎಂದಳು ಮಗಳು. ಅಮೃತಮ್ಮ ಸ್ವಲ್ಪ ಹೊತ್ತು ಅವಳ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಅಷ್ಟು ಹೊತ್ತು ಇಬ್ಬರಿಗೂ ಮಾತಾಡಲು ಆಗಲಿಲ್ಲ.