ರೇವಣ್ಣನವರ ಜಿಡ್ಡಿನ ತೊಟ್ಟಿ

ಬೇರೆ ಹೋಟೆಲಿನವರು ಬಂದವರಿಗೆ ಮೆನು ತೋರಿಸುತ್ತಾರೆ. ಬಸವೇಶ್ವರನಗರದಲ್ಲಿ ನಮ್ಮ ಮನೆಯ ಎದುರಿಗೆ ಬೆಣ್ಣೆದೋಸೆ ಹೋಟೆಲ್ ನಡೆಸುತ್ತಿದ್ದ ರೇವಣ್ಣನವರು ಜಿಡ್ಡಿನ ತೊಟ್ಟಿ ತೋರಿಸುತ್ತಿದ್ದರು. ದೋಸೆ ತಡವಾದರೆ ಸಾಕು, ಗಿರಾಕಿಯನ್ನು ಹಿಂಬಾಗಿಲಿಗೆ ಕರೆದೊಯ್ದು, ಪಂಚೆ ಎತ್ತಿ ಕಟ್ಟಿ, ನೆಲದಲ್ಲಿದ್ದ ಸ್ಟೀಲ್ ಮುಚ್ಚಳವನ್ನು ಮದುವೆಮನೆಯ ಪಾಯಸದ ಕೊಳಗದ್ದೆಂಬಂತೆ ತೆರೆಯುವರು.

"ನೋಡ್ರಿ. ಮುಖ ಕಾಣತೈತಿ."

ನಿಜವಾಗಿಯೂ ಕಾಣುತ್ತಿತ್ತು. ನನ್ನ ಮುಖ ಅಷ್ಟು ಚೆನ್ನಾಗಿ ನಮ್ಮ ಬಚ್ಚಲ ಕನ್ನಡಿಯಲ್ಲೂ ಕಂಡದ್ದಿಲ್ಲ. ಕಂಡರೂ ದೊಡ್ಡ ಲಾಭವಿರಲಿಲ್ಲ, ಆ ಮಾತು ಬೇರೆ.

ಹೋಟೆಲುಗಳಿಗೆ ಈ ತೊಟ್ಟಿ ಕಡ್ಡಾಯ. ಪಾತ್ರೆ ತೊಳೆದ ನೀರು ಒಳಚರಂಡಿ ಸೇರುವ ಮುನ್ನ ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಎಣ್ಣೆ ಬೆಣ್ಣೆಯೆಲ್ಲ ಮೇಲೆ ತೇಲಿ ಅಲ್ಲೇ ಉಳಿದು, ಬರೀ ನೀರು ಮುಂದೆ ಹೋಗಬೇಕು. ಮೇಲಿನ ಜಿಡ್ಡನ್ನು ಆಗಾಗ ತೆಗೆಸುತ್ತಿರಬೇಕು. ಇಲ್ಲದಿದ್ದರೆ ಅದು ರಸ್ತೆಯಡಿಯ ಕೊಳವೆಯಲ್ಲಿ ಕಲ್ಲಿನಂತೆ ಕೂರುತ್ತದೆ. ರೇವಣ್ಣನವರ ತೊಟ್ಟಿಯಲ್ಲಿ ತೆಗೆಯಲು ಏನೂ ಇರುತ್ತಿರಲಿಲ್ಲ. ಅದೇ ಅವರ ಹೆಮ್ಮೆ.

ಅವರು ದಾವಣಗೆರೆ ಕಡೆಯವರು. ಹಣೆ ತುಂಬ ವಿಭೂತಿ, ಕೈಯಲ್ಲಿ ಬೆಣ್ಣೆಯ ಸೌಟು. ಎಡ ಬಲ ಎಂಬ ಪದಗಳನ್ನು ಅವರ ಬಾಯಲ್ಲಿ ನಾನು ಕೇಳಿಲ್ಲ. ಎಲ್ಲಕ್ಕೂ ದಿಕ್ಕು. "ಸ್ವಲ್ಪ ಉತ್ತರಕ್ಕ ಸರೀರಿ, ಹಿಂದಿನೋರಿಗೆ ಜಾಗ ಆಗ್ಲಿ." "ಚಟ್ನಿ ನಿಮ್ಮ ಪಶ್ಚಿಮಕ್ಕ ಐತಿ ನೋಡ್ರಿ." ಗಣೇಶನ ಹಬ್ಬದ ವೇದಿಕೆಯಲ್ಲಿ ಬೀದಿಯವರನ್ನೆಲ್ಲ ಅಣಕಿಸುವುದು ನನ್ನ ವಾರ್ಷಿಕ ಉದ್ಯೋಗ. ಒಮ್ಮೆ ಅವರನ್ನೂ ಮಾಡಿದೆ. ಮುಂದಿನ ಸಾಲಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಕ್ಕರು. ಮರುದಿನ ದೋಸೆ ಕೊಡುತ್ತ ಹೇಳಿದರು: "ಚಲೋ ಮಾಡಿದ್ರಿ. ಆದ್ರ ನೈಋತ್ಯ ಅಂದಾಗ ಕೈ ಆಗ್ನೇಯಕ್ಕ ತೋರಿಸಿದ್ರಿ."

ಈ ದಿಕ್ಕಿನ ಹಿಂದೆ ಒಂದು ಭಯವಿತ್ತು. ಮೊದಲು ಅವರು ಹೊಸಹಳ್ಳಿಯಲ್ಲಿ ಇಟ್ಟಿದ್ದ ಹೋಟೆಲ್ ಮುಚ್ಚಿಹೋಗಿತ್ತು. ಈಶಾನ್ಯದಲ್ಲಿ ಹೊಲಸು ನಿಂತದ್ದೇ ಕಾರಣವೆಂದು ವಾಸ್ತು ನೋಡುವವರು ಹೇಳಿದ್ದರಂತೆ. "ಈಶಾನ್ಯ ಅಲ್ಲಣ್ಣ, ಸಾಂಬಾರ್ ಇರ್ಬೇಕು" ಎಂದು ನಾನು ರೇಗಿಸಿದರೆ ಅವರು ನಗುತ್ತಿರಲಿಲ್ಲ. ಅವರು ನಗದೇ ಇದ್ದ ವಿಷಯ ಅದೊಂದೇ.

ಹೋಟೆಲಿನ ಪಕ್ಕದ ಮನೆ ರಸ್ತೆಗಿಂತ ತಗ್ಗು. ಅಲ್ಲಿ ನಿವೃತ್ತ ಟೀಚರ್ ಲಲಿತಮ್ಮ ತಮ್ಮ ಅಕ್ಕನೊಡನೆ ಇದ್ದರು. ಒಂದು ಬೆಳಗ್ಗೆ ಅವರು ಹೋಟೆಲಿಗೆ ಬಂದರು, ದೋಸೆಗಲ್ಲ.

"ರೇವಣ್ಣ, ನಮ್ಮ ಬಚ್ಚಲಲ್ಲಿ ನೀರು ವಾಪಸ್ ಬರ್ತಾ ಇದೆ. ಮೇಲೆ ಬಿಳೀ ಕೆನೆ ಥರ ತೇಲ್ತಾ ಇದೆ."

ಅವರಿಗೂ ಮುಚ್ಚಳ ತೆರೆದು ತೋರಿಸಲಾಯಿತು. "ಇದ್ರಾಗ ಜಿಡ್ಡು ಎಲ್ಲೈತಿ ಹೇಳ್ರಿ ಟೀಚರೇ? ನಿಮ್ಮನಿ ಸೋಪಿರಬೇಕು."

"ಇಬ್ರು ಮುದುಕೀರು ಕಣಪ್ಪ ನಾವು. ಸೋಪಲ್ಲಿ ಹೋಳಿಗೆ ಮಾಡ್ಕೊಂಡು ತಿಂತೀವಾ?"

ಲಲಿತಮ್ಮ ದೂರು ಕೊಟ್ಟರು. ಚರಂಡಿ ನೋಡಿಕೊಳ್ಳುವ ಇಂಜಿನಿಯರ್ ಮೇಡಂ ಬಂದರು. ರೇವಣ್ಣನವರು ಹುರುಪಿನಿಂದ ಮುಚ್ಚಳ ಎತ್ತಿದರು. ಮೇಡಂ ಬಗ್ಗಿ ನೋಡಿ, ನೆಟ್ಟಗಾಗಿ, ಮುಂಬಾಗಿಲಿಗೆ ಹೋಗಿ ಬೋರ್ಡಿನ ಮೇಲಿದ್ದ ಹೋಟೆಲಿನ ಹೆಸರನ್ನು ಇನ್ನೊಮ್ಮೆ ಓದಿ ಬಂದರು.

"ಬೆಣ್ಣೆದೋಸೆ ಹೋಟೆಲಲ್ಲಿ ತೊಟ್ಟಿ ಇಷ್ಟು ಕ್ಲೀನಾ? ಬೆಣ್ಣೆ ಹಾಕಲ್ವಾ ನೀವು?"

ರೇವಣ್ಣನವರ ವಿಭೂತಿಯೂ ಕೆಂಪಾದಂತಾಯಿತು. "ಏನ್ರಿ ಮೇಡಂ, ಹಿಂಗಂತೀರಿ! ಹಿಡಿ ಹಿಡಿ ಹಾಕ್ತೀವ್ರಿ! ನಮ್ಮ ಪ್ಲೇಟು ತೊಳೆದ್ರ ಕೈ ಜಾರತೈತಿ!"

"ಹಾಗಾದ್ರೆ ಆ ಬೆಣ್ಣೆಯೆಲ್ಲ ಎಲ್ಲಿ ಹೋಯ್ತು ಸಾರ್?"

ಮೇಡಂ ಒಂದು ಬಕೆಟ್ ನೀರಿಗೆ ಅರಿಸಿನ ಕಲಸಿಸಿ, ಪಾತ್ರೆ ತೊಳೆಯುವ ಜಾಗದಲ್ಲಿ ಸುರಿಸಿದರು. ಎಲ್ಲರೂ ತೊಟ್ಟಿಯ ಸುತ್ತ ನಿಂತೆವು. ನೀರು ತಿಳಿಯಾಗಿಯೇ ಇತ್ತು. ಅಷ್ಟರಲ್ಲಿ ಪಕ್ಕದ ಮನೆಯಿಂದ ಅಕ್ಕನ ಕೂಗು ಬಂತು: "ಲಲಿತಾ, ಬಚ್ಚಲು ಹಳದಿ ಆಯ್ತು ಕಣೇ!"

ಆದದ್ದಿಷ್ಟು. ಪಾತ್ರೆ ತೊಳೆಯುವ ಜಾಗ ಹೋಟೆಲಿನ ಈಶಾನ್ಯಕ್ಕಿತ್ತು, ರಸ್ತೆಯ ಒಳಚರಂಡಿಯ ಚೇಂಬರ್ ಅದರ ಬಳಿಯೇ. ಈಶಾನ್ಯದಲ್ಲಿ ಜಿಡ್ಡು ನಿಲ್ಲಬಾರದೆಂದು ರೇವಣ್ಣನವರು ತೊಟ್ಟಿಯನ್ನು ವಾಯವ್ಯದಲ್ಲಿ ಹೂಳಿಸಿದ್ದರು. ಎಂಜಲು ಪಾತ್ರೆಯ ನೀರು ನೇರ ಚರಂಡಿಗೆ ಹೋಗಿ, ಜಿಡ್ಡು ಕೊಳವೆಯಲ್ಲಿ ಕಟ್ಟಿ, ತಗ್ಗಿನ ಮನೆಯ ಬಚ್ಚಲಲ್ಲಿ ಉಕ್ಕುತ್ತಿತ್ತು. ತೊಟ್ಟಿಗೆ ಬರುತ್ತಿದ್ದುದು ಗಿರಾಕಿಗಳು ಕೈ ತೊಳೆದ ನೀರು ಮಾತ್ರ. ತೊಟ್ಟಿ ಇರಬೇಕೆಂದಿತು ಕಾನೂನು, ಇಟ್ಟರು. ಅಲ್ಲಿ ಬೇಡವೆಂದಿತು ವಾಸ್ತು, ಇಡಲಿಲ್ಲ. ಇಬ್ಬರಿಗೂ ನಮಸ್ಕಾರ ಹಾಕಿ ಹಾಯಾಗಿದ್ದರು.

"ಪಾತ್ರೆ ನೀರು ತೊಟ್ಟಿಯಿಂದಾನೇ ಹೋಗ್ಬೇಕು," ಎಂದರು ಮೇಡಂ. "ಮುಂದಿನ ಸಲ ಬರೋಷ್ಟರಲ್ಲಿ ಆಗಿಲ್ಲ ಅಂದ್ರೆ ಚರಂಡಿ ಕನೆಕ್ಷನ್ ಮುಚ್ಚಿಸ್ತೀನಿ." ನೆಲದ ಇಳಿಜಾರು ನೋಡಿದ ಪ್ಲಂಬರ್, ತೊಟ್ಟಿಯೇ ಈಶಾನ್ಯಕ್ಕೆ ಬರಬೇಕು, ಬೇರೆ ದಾರಿಯಿಲ್ಲ ಎಂದ.

ರೇವಣ್ಣನವರು ಆ ದಿನ ಸೌಟು ಹಿಡಿಯಲಿಲ್ಲ. "ಕನೆಕ್ಷನ್ ಮುಚ್ಚಿದ್ರ ಇವತ್ತ ಹಾಳಾಗ್ತೀನಿ. ಈಶಾನ್ಯದಾಗ ಜಿಡ್ಡು ನಿಲ್ಸಿದ್ರ ನಿಧಾನಕ್ಕ ಹಾಳಾಗ್ತೀನಿ," ಎಂದರು ನನಗೆ. ಬಾಯಿಗೆ ಬಂದ ಜೋಕನ್ನು ನುಂಗಿಕೊಂಡೆ. ನನಗೆ ಅದು ಸುಲಭದ ಕೆಲಸವಲ್ಲ.

ಸಂಜೆ ಅವರು ಬ್ಲೀಚಿಂಗ್ ಪುಡಿ, ಪೊರಕೆ ಹಿಡಿದು ಲಲಿತಮ್ಮನವರ ಬಚ್ಚಲು ತೊಳೆಯಲು ಹೋದರು. ತಮಾಷೆ ನೋಡಲು ನಾನೂ ಹಿಂದೆ ಹೋದೆ. ಒಳಗೆ ಕಾಲಿಟ್ಟವರು ಕಿಟಕಿಯ ಬೆಳಕು ನೋಡಿದರು, ಬಾಗಿಲು ನೋಡಿದರು, ಪೊರಕೆ ಕೆಳಗಿಟ್ಟರು.

"ಟೀಚರೇ, ಇದು ನಿಮ್ಮನಿ ಈಶಾನ್ಯ ಅಲ್ರೀ?"

"ನಮಗೆಲ್ಲಪ್ಪ ಗೊತ್ತು ಅದೆಲ್ಲ. ಗೋಡೆ ಆಚೆ ದೇವರ ಮನೆ. ನೀರು ಅಲ್ಲೀತನಕ ಬಂದು ಅಕ್ಕ ಎರಡು ಸಲ ಜಾರಿದ್ಲು."

ರೇವಣ್ಣನವರು ನನ್ನ ಕಡೆ ತಿರುಗಿದರು. "ನಮ್ಮ ಮೂಲಿ ಕಾಯಾಕ ಹೋಗಿ, ಇವ್ರ ಮೂಲಿಗೆ ಸುರಿದೀನಲ್ರೀ."

ಮರುದಿನವೇ ಹೋಟೆಲಿನ ಈಶಾನ್ಯದ ನೆಲ ಒಡೆಸಿದರು. ಹೊಸ ತೊಟ್ಟಿ ಬಂತು. ಅದರ ಜಿಡ್ಡನ್ನು ಬೇರೆಯವರ ಕೈಲಿ ತೆಗೆಸಲಿಲ್ಲ. ತಾವೇ ಉದ್ದ ಹಿಡಿಯ ಸೌಟಿನಲ್ಲಿ ಎತ್ತಿ, ಒಯ್ಯುವವರ ಡ್ರಮ್ಮಿಗೆ ತುಂಬಿ, ಸ್ನಾನ ಮಾಡಿ, ಮತ್ತೆ ವಿಭೂತಿ ಹಚ್ಚಿಕೊಂಡು ಗಲ್ಲಾದಲ್ಲಿ ಕೂರುವರು. ಮೇಡಂ ಬಂದು ನೋಡಿ ಸರಿಯೆಂದರು, ರಸ್ತೆಯ ಕೊಳವೆಯಲ್ಲಿ ಕಟ್ಟಿದ್ದನ್ನೂ ತೆಗೆಸಿದರು. ಲಲಿತಮ್ಮನವರ ಬಚ್ಚಲಲ್ಲಿ ನೀರು ಇಳಿಯತೊಡಗಿತು.

ವರ್ಷ ತುಂಬುವ ಮೊದಲೇ ಕಟ್ಟಡದ ಯಜಮಾನರು ಅದನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವುದಾಗಿ ಹೇಳಿದರು. ಹೋಟೆಲ್ ಖಾಲಿ ಮಾಡಬೇಕಾಯಿತು. ಈಶಾನ್ಯದ ಪ್ರಭಾವ ಎಂದು ಬೀದಿಯಲ್ಲಿ ಮಾತಾಯಿತು.

ಕೊನೆಯ ದಿನ ಹೋದಾಗ ಕಾವಲಿ, ಗ್ರೈಂಡರ್ ಎಲ್ಲ ಗೂಡ್ಸ್ ಆಟೋ ಏರಿದ್ದವು. ರೇವಣ್ಣನವರು ಬರಿದಾದ ಅಡುಗೆಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತು ತೊಟ್ಟಿಯ ಜಿಡ್ಡು ಬಳಿದು ತೆಗೆಯುತ್ತಿದ್ದರು.

"ಬಿಲ್ಡಿಂಗೇ ಒಡೀತಾರಲ್ಲಣ್ಣ, ಇದ್ಯಾಕೆ ಈಗ?"

"ಒಡೆಯೋರು ಇದ್ರಾಗ ಕೈ ಹಾಕಬೇಕಲ್ರೀ. ಬೆಣ್ಣಿ ಹಾಕಿದವ್ರು ನಾವು."

ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಎಲ್ಲಾರೂ ಈಶಾನ್ಯದಿಂದ ಹಿಂಗಾಯ್ತು ಅಂತಾರೆ. ನೀವೇನಂತೀರಾ?"

ಅವರು ಸೌಟು ನಿಲ್ಲಿಸಿ ಯೋಚಿಸಿದರು. "ಅದರಿಂದಾನೇ ಇರಬೇಕ್ರಿ," ಎಂದರು ನೆಮ್ಮದಿಯಾಗಿ, ಮತ್ತೆ ಬಗ್ಗಿ, ತಳದಲ್ಲಿ ಅಂಟಿದ್ದನ್ನು ಕೆರೆಯತೊಡಗಿದರು.