ಕೊಳ್ಳುವವರ ಸಾಲು ಖಾಲಿ

ಸ್ವಲ್ಪ ಕಾಯಿರಿ. ಇದರಲ್ಲಿ ಬೋಟುಗಳು ವಾಪಸು ಬರುವವರೆಗಾದರೂ ಓದಿ. ಆಮೇಲೆ ಬೇಕಾದರೆ ಫೋನಿನಲ್ಲಿ ‘ಖರೀದಿ’ ಒತ್ತಿ.

ಷೇರುಪೇಟೆಯನ್ನು ನಾನು ಕಲಿತದ್ದು ವಿಡಿಯೋ ನೋಡಿ. ನನ್ನ ಮಾವ ಹೊನ್ನಾವರ ಬಂದರಿನಲ್ಲಿ ಸ್ವಂತ ಬೋಟು ನಡೆಸುವವನು. ಮಳೆಗಾಲದಲ್ಲಿ ಮೀನುಗಾರಿಕೆ ಬಂದ್ ಇದ್ದಾಗ ಅವನಿಗೂ ಹೇಳಿಕೊಟ್ಟೆ. ಪರದೆಯ ಮೇಲೆ ಎರಡು ಸಾಲು. ಒಂದು ಕೊಳ್ಳಲು ನಿಂತವರದು, ಇನ್ನೊಂದು ಮಾರಲು ನಿಂತವರದು. ಇಬ್ಬರ ದರ ಒಂದಾದರೆ ವ್ಯಾಪಾರ.

“ಇದು ನಮ್ಮ ಮೀನು ಹರಾಜೇ ಅಲ್ವಾ ಮಾರಾಯ,” ಅಂದ ಮಾವ.

“ಲೋವರ್ ಸರ್ಕ್ಯೂಟ್ ಅಂತ ಒಂದಿದೆ ಮಾವ. ದಿನಕ್ಕೆ ಇಷ್ಟೇ ಬೀಳಬಹುದು ಅಂತ ಒಂದು ಗೆರೆ. ಅದಕ್ಕಿಂತ ಕಡಿಮೆಗೆ ಮಾರೂಕೆ ಆಗೂದಿಲ್ಲ. ಆ ದರಕ್ಕೂ ಯಾರೂ ಕೊಳ್ಳದಿದ್ರೆ ನೀನು ಸಿಕ್ಕಿಬಿದ್ದೆ.”

“ಹೋಗಾ! ಕೊಳೆತ ತಾರ್ಲೆ ಮೀನಿಗೂ ಮೀನೆಣ್ಣೆ ಮಿಲ್ಲಿನವ್ರು ಲಾರಿ ತರ್ತಾರೆ. ಶೇರಿಗೆ ಗಿರಾಕಿ ಇಲ್ದೆ ಎಂತ?”

ಹೊಸ ಬಲೆಗೆಂದು ಅತ್ತೆ ಮೀನು ಮಾರಿ ಕೂಡಿಟ್ಟ ಹಣವನ್ನೆಲ್ಲ ಮಾವ ಒಂದೇ ಸಣ್ಣ ಕಂಪನಿಗೆ ಹಾಕಿದ. ದರ ದಿನವೂ ಏರಿತು. ಮೀನುಗಾರಿಕೆ ಶುರುವಾದ ಮೇಲೆ ಬೋಟಿನ ವಾಯರ್‌ಲೆಸ್ಸಿನಲ್ಲೂ ಅವನದು ಅದೇ ಮಾತು. ಉಳಿದ ಬೋಟಿನವರೂ ಅದನ್ನೇ ಕೊಂಡರು.

ಆ ಬೆಳಿಗ್ಗೆ ಬೋಟುಗಳು ಧಾರೇಶ್ವರದ ಆಚೆ, ಕಡಲಲ್ಲಿ ಫೋನಿಗೆ ರೇಂಜ್ ಸಿಗದಷ್ಟು ದೂರ ಹೋಗಿದ್ದವು. ಪೇಟೆ ತೆರೆದ ಕೂಡಲೇ ಷೇರು ಕುಸಿಯತೊಡಗಿತು. ಅತ್ತೆಗೆ ತೋರಿಸಿದೆ. ಅವಳು ಬುಟ್ಟಿಯನ್ನು ಅಲ್ಲೇ ಬಿಟ್ಟು, ದಕ್ಕೆಗೆ ಕಟ್ಟಿದ್ದ ಬೋಟೊಂದನ್ನು ಹತ್ತಿ ವಾಯರ್‌ಲೆಸ್ ಹಿಡಿದಳು.

“ಏ, ಕೇಳ್ತಾ? ಶೇರು ಬೀಳ್ತಾ ಅದೆ. ಬೇಗ ಬಂದು ಮಾರಿ ಹಾಕಿ!”

ಆ ಕಡೆಯಿಂದ ಬರೀ ಗರಗರ ಸದ್ದು. ಆದರೆ ಅವಳ ಮಾತು ಮಾವನೊಬ್ಬನಿಗೇ ಅಲ್ಲ, ಎಲ್ಲ ಬೋಟುಗಳಿಗೂ ಕೇಳಿತ್ತು.

ಮಧ್ಯಾಹ್ನದ ಮೊದಲೇ ಸಮುದ್ರದ ಅಂಚಿನಲ್ಲಿ ಒಂದರ ಹಿಂದೆ ಒಂದು ಬೋಟು ಕಂಡಿತು. ಗಾಳಿಯಿಲ್ಲ, ಮೋಡವಿಲ್ಲ. ಮೀನಿಗೆ ಕಾದಿದ್ದ ಹೆಂಗಸರು ಎದ್ದು ನಿಂತರು. ಹೊತ್ತಲ್ಲದ ಹೊತ್ತಿನಲ್ಲಿ ಎಲ್ಲವೂ ಒಟ್ಟಿಗೆ ತಿರುಗುವುದು ಯಾರಾದರೂ ನೀರುಪಾಲಾದಾಗ ಮಾತ್ರ.

“ಯಾರ ಬೋಟು ಕಾಣ್ತಿಲ್ಲ, ನೋಡ್ರೇ!” ಒಬ್ಬಳು ಕೂಗಿದಳು. ಅತ್ತೆ ಹೋಗಿ ತನ್ನ ಬುಟ್ಟಿ ಎತ್ತಿಕೊಂಡಳು.

ಕಡಲು ಇಳಿತದಲ್ಲಿದ್ದ ಹೊತ್ತು. ಹೊಳೆ ಕಡಲು ಸೇರುವ ಅಳಿವೆಯ ಮರಳ ದಿಣ್ಣೆ ದಾಟಿ ಒಳಗೆ ಬರುವಂತಿರಲಿಲ್ಲ. ಬೋಟುಗಳು ಹೊರಗೇ ಸಾಲಾಗಿ ನಿಂತವು. ಫೋನಿಗೆ ರೇಂಜ್ ಅಲ್ಲೂ ಸಿಗುತ್ತದೆ. ಯಾರೂ ದಡದ ಕಡೆ ಕೈ ಬೀಸಲಿಲ್ಲ. ಎಲ್ಲರ ತಲೆಯೂ ಫೋನಿನ ಮೇಲೆ ಬಗ್ಗಿತ್ತು.

ಅಷ್ಟರಲ್ಲಿ ದರ ಕೆಳಗಿನ ಗೆರೆ ಮುಟ್ಟಿ ನಿಂತಿತ್ತು. ನನ್ನ ಫೋನಿನಲ್ಲಿ ಮಾರುವವರ ಸಾಲು ನೋಡನೋಡುತ್ತಲೇ ಉಬ್ಬಿತು. ಕೊಳ್ಳುವವರ ಕಡೆ ಸೊನ್ನೆ.

ಮಾವನ ಫೋನು ಬಂತು. “ಒತ್ತಿದೆ, ಹೋಗ್ತಿಲ್ಲ. ಎಂತ ಮಾಡೂದು?”

“ಸಾಲಲ್ಲಿ ನಿಂತಿದೆ ಮಾವ. ಕೊಳ್ಳುವವರು ಬರಬೇಕು.”

“ಮಿಲ್ಲಿನವ್ರ ಹಾಗೆ... ಯಾರೂ ಇಲ್ವಾ?”

“ಇಲ್ಲ ಮಾವ.”

“ಆತು,” ಅಂದು ಫೋನಿಟ್ಟ.

ಮರುದಿನ ಪೇಟೆ ತೆರೆದದ್ದೇ ಕೆಳಗಿನ ಗೆರೆಯಲ್ಲಿ. ಅದರ ಮರುದಿನವೂ ಹಾಗೆಯೇ. ಈಗಲೂ ಮಾವ ಹಳೇ ಬಲೆಯನ್ನು ಹೊಲಿಯುತ್ತ ಕೂತಿರುತ್ತಾನೆ. ಪೇಟೆ ತೆರೆಯುವ ಹೊತ್ತಿಗೆ ಫೋನನ್ನು ಅತ್ತೆಯ ಕೈಗೆ ಕೊಡುತ್ತಾನೆ, ತಾನು ನೋಡುವುದಿಲ್ಲ. ಅವಳು ನೋಡಿ, ಹಾಗೇ ವಾಪಸು ಕೊಡುತ್ತಾಳೆ.

ನಿಮ್ಮಲ್ಲಿ ಯಾರಾದರೂ ಹೀಗೆ ಸಿಕ್ಕಿಬಿದ್ದು ಹೊರಗೆ ಬಂದಿದ್ದರೆ ಹೇಗೆಂದು ಬರೆಯಿರಿ. ಹೊರಗೆ ಬರಲಾಗದಿದ್ದರೂ ಬರೆಯಿರಿ. ಅತ್ತೆಗೆ ಓದಿ ಹೇಳಬೇಕು.