ಎದುರಿಗೆ ಕುಂತು ಉಣಿಸುವಾಕಿ
ಮೂಡಲಗಿಯ ಕಾಶೆವ್ವನ ಖಾನಾವಳಿಯಲ್ಲಿ ಉಣ್ಣುವವರ ಹೊಟ್ಟೆ ತುಂಬಿದರೆ ಸಾಲದು, ಕಾಶೆವ್ವನ ಮನಸ್ಸೂ ತುಂಬಬೇಕು. ಎದುರಿಗೇ ಕುಂತು, ತುತ್ತು ಇಳಿಯುವತನಕ ಗಂಟಲನ್ನೇ ನೋಡುತ್ತಾಳೆ. ಬೇಡವೆಂದು ಅಡ್ಡ ಹಿಡಿದ ಕೈಯ ಮೇಲೇ ರೊಟ್ಟಿ ಇಡುತ್ತಾಳೆ. ಅಂಥವಳು ಕ್ಯಾಲೆಂಡರಿನ ಹಿಂದೆ ಸಿಕ್ಕಿತೆಂದು ಗಾಜಿನ ಭರಣಿಯಲ್ಲಿ ಸಾಕಿದ ಹಲ್ಲಿ ಮರಿ ಮೂರು ದಿನದಿಂದ ಉಪವಾಸ. ಸೊಳ್ಳೆ, ನೊಣ, ಎಳೇ ಮಿಡತೆ ಎಲ್ಲ ಬಡಿಸಿಯಾಯಿತು. "ಏನ್ ಕಮ್ಮಿ ಆಗೇತ್ರಿ ಸಾಹೇಬ್ರ? ಸಂಕೋಚ ಮಾಡಬ್ಯಾಡ್ರಿ" ಎಂದು ಭರಣಿಗೆ ಮೂಗು ಹಚ್ಚಿ ಕುಂತಳು. ಮರಿ ಕಡ್ಡಿಯಂತೆ ಸೆಟೆಯಿತು. ಊಟಕ್ಕೆ ಬಂದಿದ್ದ ದನದ ಡಾಕ್ಟರು, "ಯವ್ವಾ, ನೀ ಹಿಂಗ ನೋಡಕೋತ ಕುಂತ್ರ ನಮಗ ತುತ್ತು ಇಳಿಯೂದಿಲ್ಲ, ಅದಕ್ಕ ಹೆಂಗ ಇಳೀತೈತಿ? ಆಚೆ ಸರಿ" ಎಂದರು. ಒಲ್ಲದ ಮನಸ್ಸಿನಿಂದ ಭರಣಿಗೆ ಟವೆಲ್ ಹೊದಿಸಿ ಒಳಗೆ ಹೋದಳು. ನಾಲ್ಕು ರೊಟ್ಟಿ ಬಡಿದು ಬಂದು ನೋಡಿದರೆ ಮಿಡತೆ ಇಲ್ಲ, ಮರಿಯ ಹೊಟ್ಟೆ ಉಬ್ಬಿದೆ. ಕಾಶೆವ್ವ ನಗಲಿಲ್ಲ. ಹೋದ ವರ್ಷ ಸೊಸೆ ಅರ್ಚನಾ ಮತ್ತೆ ಬರುವುದಿಲ್ಲವೆಂದು ಹತ್ತರಗಿಯ ತವರಿಗೆ ಹೊರಟಾಗ, "ಅತ್ತೀ, ಒಂದು ಹೊತ್ತಾದ್ರೂ ನನ್ನಷ್ಟಕ್ಕ ನನಗ ಉಣ್ಣಾಕ ಬಿಡಬೇಕಿತ್ರಿ" ಎಂದಿದ್ದಳು. ಆಗಲೂ ಕಾಶೆವ್ವ, ಬಸ್ ತಪ್ಪಿದರೆ ತಪ್ಪಲಿ ಎಂದು, ಎದುರಿಗೆ ಕುಂತು ಇನ್ನೊಂದು ರೊಟ್ಟಿ ಉಣಿಸಿಯೇ ಕಳಿಸಿದ್ದಳು.